ಎಪ್ಪತ್ತಕ್ಕೆ ಲೈಸೆನ್ಸ್ ರಿನ್ಯೂವಲ್: ಮೋಟರ್‌ಹೋಮ್ ಇದ್ದರೆ ಆನ್‌ಲೈನ್ ಬಟನ್ ಒತ್ತುವ ಮುಂಚೆ ಸ್ವಲ್ಪ ನಿಲ್ಲಿ

ಬ್ರಿಟನ್ನಿನಲ್ಲಿ ಎಪ್ಪತ್ತು ಹತ್ತಿರ ಬಂದವರಿಗೆ ಹುಟ್ಟುಹಬ್ಬದ ಕಾರ್ಡುಗಳಿಗಿಂತ ಮುಂಚೆ ಲೈಸೆನ್ಸ್ ಕೊಡುವ ಸರ್ಕಾರಿ ಕಚೇರಿಯಾದ ಡಿವಿಎಲ್‌ಎಯ ಕವರ್ ಬರುತ್ತದೆ. 70 ತುಂಬಲು ಸುಮಾರು 90 ದಿನ ಇರುವಾಗ ಡಿ46ಪಿ ಅನ್ನುವ ಫಾರಂ ಮನೆಗೆ ಬಂದು ಬೀಳುತ್ತದೆ. ಹುಟ್ಟುಹಬ್ಬಕ್ಕೆ ಹಳೆ ಲೈಸೆನ್ಸ್ ಮುಗಿಯುತ್ತದೆ, ಅಲ್ಲಿಂದ ಮುಂದೆ ಮೂರು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸುತ್ತಾ ಇರಬೇಕು. ಫೀಸ್ ಇಲ್ಲ. ಬರೀ ಕಾರು ಓಡಿಸುವವರು ಆನ್‌ಲೈನ್‌ಗೆ ಹೋಗಿ, ಆರೋಗ್ಯದ ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಟ್ಟು, ಚಹಾ ಆರುವುದರೊಳಗೆ ಕೆಲಸ ಮುಗಿಸಬಹುದು.

ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗುವ ಗಾಡಿ) ಇರುವವರು ಎಡವುವುದೂ ಇಲ್ಲೇ.

ಕಾರಣ ಲೈಸೆನ್ಸಿನಲ್ಲಿರುವ ಸಿ1 ಅನ್ನುವ ಗಾಡಿ ವರ್ಗ. 1997ರ ಜನವರಿ 1ಕ್ಕಿಂತ ಮುಂಚೆ ಕಾರ್ ಟೆಸ್ಟ್ ಪಾಸಾದವರಿಗೆ ಬಿ ಜೊತೆಗೆ ಸಿ1 ಕೂಡ ಕೇಳದೇ ಸಿಕ್ಕಿತ್ತು. ಬಿ ಅಂದರೆ 3,500 ಕೆ.ಜಿ.ವರೆಗಿನ ಗಾಡಿ. ಸಿ1 ಅಂದರೆ ಅದರಿಂದ ಮೇಲೆ 7,500 ಕೆ.ಜಿ.ವರೆಗೆ. ಕೇಳದೇ ಸಿಕ್ಕಿದ್ದು ಹೋಗುವುದೂ ಹಾಗೇ, ಸದ್ದಿಲ್ಲದೆ. ಆನ್‌ಲೈನ್‌ನಲ್ಲಿ ರಿನ್ಯೂ ಮಾಡಿದರೆ ಹೊಸ ಕಾರ್ಡಿನಲ್ಲಿ ಸಿ1 ಇರುವುದಿಲ್ಲ. ಅದು ಬೇಕಿದ್ದರೆ ಡಾಕ್ಟರ ರಿಪೋರ್ಟ್ ಇಟ್ಟು ಅಂಚೆಯಲ್ಲೇ ಅರ್ಜಿ ಹಾಕಬೇಕು. 1997 ಆದಮೇಲೆ ಇಲ್ಲಿ ಟೆಸ್ಟ್ ಪಾಸಾದವರಿಗೆ ಈ ತಲೆನೋವಿಲ್ಲ, ಸಿ1 ಟೆಸ್ಟ್ ಬೇರೆಯಾಗಿ ಕೊಡದಿದ್ದರೆ ಅದು ಅವರ ಬಳಿ ಮೊದಲೇ ಇರಲಿಲ್ಲ. (ಉತ್ತರ ಐರ್ಲೆಂಡಿನವರಿಗೆ ಕಚೇರಿಯೇ ಬೇರೆ, ಡಿವಿಎ. ಈ ಲೇಖನ ಉಳಿದ ಕಡೆಯವರಿಗೆ.)

ಮೊದಲು ಗಾಡಿ ಹತ್ತಿರ ಹೋಗಿ, ಫಾರಂ ಹತ್ತಿರ ಅಲ್ಲ

"ನಮ್ಮದು ಚಿಕ್ಕ ಗಾಡಿ" ಅಂತ ಕಣ್ಣಳತೆಯಲ್ಲಿ ಹೇಳಬೇಡಿ. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಒಂದು ಪ್ಲೇಟ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ತೂಕಗಳನ್ನು ಒಂದರ ಕೆಳಗೊಂದು ಬರೆದಿರುತ್ತಾರೆ. ಎಲ್ಲಕ್ಕಿಂತ ಮೇಲಿನದು ಸಾಮಾನು, ಜನ, ನೀರು ಎಲ್ಲ ಸೇರಿ ಗಾಡಿ ಹೊರಬಹುದಾದ ಗರಿಷ್ಠ ತೂಕ. ಎರಡನೆಯದು ಹಿಂದೆ ಟ್ರೇಲರ್ ಕಟ್ಟಿದಾಗಿನ ಒಟ್ಟು ತೂಕ, ಕೆಳಗಿನ ಎರಡು ಆಕ್ಸಲ್‌ಗಳದ್ದು. ಲೈಸೆನ್ಸಿಗೆ ಬೇಕಾದದ್ದು ಮೇಲಿನದು ಮಾತ್ರ. ಗಾಡಿ ಇವತ್ತು ಖಾಲಿ ನಿಂತು 3,200 ಕೆ.ಜಿ. ತೂಗಿದರೂ ಪ್ಲೇಟಿನಲ್ಲಿ 3,850 ಅಂತಿದ್ದರೆ ನಿಮಗೆ ಸಿ1 ಬೇಕು, ಅಷ್ಟೇ. ಇದರಲ್ಲಿ ವಾದ ಮಾಡಿ ಗೆಲ್ಲುವಂಥದ್ದೇನೂ ಇಲ್ಲ.

ಪ್ಲೇಟಿನಲ್ಲಿ 3,500 ಅಥವಾ ಅದಕ್ಕಿಂತ ಕಡಿಮೆ ಇದೆಯಾ? ಆನ್‌ಲೈನ್‌ನಲ್ಲೇ ರಿನ್ಯೂ ಮಾಡಿ, ಮುಂದಿನದು ಓದುವುದೂ ಬೇಡ.

ಸಿ1 ಉಳಿಸಿಕೊಳ್ಳಬೇಕಾ, ಗಾಡಿಯ ತೂಕ ಇಳಿಸಬೇಕಾ?

ಮೆಡಿಕಲ್ ಗೊಡವೆ ಬೇಡ ಅನ್ನುವವರು ಗಾಡಿಯ ಪ್ಲೇಟನ್ನೇ 3,500ಕ್ಕೆ ಇಳಿಸಿಕೊಳ್ಳುತ್ತಾರೆ. ಗಾಡಿಯಲ್ಲಿ ಹೆಚ್ಚಿನ ಬದಲಾವಣೆ ಬೇಕಾಗುವುದಿಲ್ಲ, ಕೆಲಸವೆಲ್ಲ ಕಾಗದದ ಮೇಲೆ. ಕೇಳಲು ಚೆನ್ನಾಗಿದೆ. ಆದರೆ 3,850ರ ಗಾಡಿಯನ್ನು 3,500 ಮಾಡಿದಿರಿ ಅಂದರೆ 350 ಕೆ.ಜಿ. ಸಾಮಾನು ಮನೆಯಲ್ಲೇ ಬಿಟ್ಟ ಹಾಗೆ. ನೂರು ಲೀಟರ್ ನೀರು ತುಂಬಿಸಿದರೆ ಅದೇ 100 ಕೆ.ಜಿ. ಅದರ ಮೇಲೆ ಗ್ಯಾಸ್ ಸಿಲಿಂಡರ್, ಹೊರಗೆ ಕಟ್ಟುವ ಚಪ್ಪರ, ಎರಡು ಸೈಕಲ್, ಹೆಂಡತಿಯೋ ಗಂಡನೋ, ನಾಯಿ. ಲೆಕ್ಕ ಎಲ್ಲಿಗೆ ಬರುತ್ತದೆ ನೋಡಿ. ಈ ದಾರಿ ಹಿಡಿಯುವ ಮುಂಚೆ ಪ್ರವಾಸಕ್ಕೆ ಹೊರಟ ಹಾಗೇ ಎಲ್ಲ ತುಂಬಿಸಿಕೊಂಡು ಒಮ್ಮೆ ವೇಬ್ರಿಡ್ಜ್ ಮೇಲೆ ಹತ್ತಿಸಿ. ಆ ಅಂಕಿ ನೋಡಿದ ಮೇಲೆ ಸುಮಾರು ಜನ ಡಾಕ್ಟರೇ ವಾಸಿ ಅಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯವೂ ಅದೇ: ಆರೋಗ್ಯ ಪರವಾಗಿಲ್ಲ ಅಂದರೆ ಸಿ1 ಬಿಟ್ಟುಕೊಡಬೇಡಿ.

ಎರಡೂ ಬೇಡ, ಸುಮ್ನೆ ಹೀಗೇ ಓಡಿಸೋಣ ಅಂದರೆ? ಲೈಸೆನ್ಸ್ ಇಲ್ಲದ ವರ್ಗದ ಗಾಡಿ ಓಡಿಸಿದ್ದಕ್ಕೆ 1,000 ಪೌಂಡ್‌ವರೆಗೆ ದಂಡ, ಲೈಸೆನ್ಸ್ ಮೇಲೆ 3ರಿಂದ 6 ದಂಡದ ಪಾಯಿಂಟ್. ಅದಕ್ಕಿಂತ ದೊಡ್ಡ ಪೆಟ್ಟು ಇನ್ಶೂರೆನ್ಸಿನದ್ದು, ಅಪಘಾತ ಆದ ದಿನವೇ ಅದು ಕೈಕೊಡಬಹುದು.

ಎರಡು ಫಾರಂ

ಸಿ1 ಬೇಕು ಅಂತ ತೀರ್ಮಾನವಾದರೆ ಬೇಕಾದ್ದು ಡಿ2 ಮತ್ತು ಡಿ4. ಡಿ2 ಅರ್ಜಿ, ಡಿ4 ಮೆಡಿಕಲ್ ರಿಪೋರ್ಟ್. ಡಿವಿಎಲ್‌ಎಯಿಂದಲೇ ತರಿಸಿಕೊಳ್ಳಬಹುದು. ಡಿ2ರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಕಷ್ಟ ಇರುವುದು ಡಿ4ರಲ್ಲಿ.

ಅದನ್ನು ಡಾಕ್ಟರು ತುಂಬಬೇಕು. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಲೆಕ್ಕದಲ್ಲಿ ಇದು ಬರುವುದಿಲ್ಲ, ಖರ್ಚು ನಿಮ್ಮದೇ. ನಿಮ್ಮ ಜಿಪಿಯೇ (ನೀವು ಯಾವಾಗಲೂ ಹೋಗುವ ಕುಟುಂಬದ ಡಾಕ್ಟರೇ) ಆಗಬೇಕೆಂದಿಲ್ಲ, ನೋಂದಾಯಿತ ಡಾಕ್ಟರ್ ಆಗಿದ್ದರೆ ಸಾಕು. ಡ್ರೈವರ್‌ಗಳ ಮೆಡಿಕಲ್ ಮಾತ್ರ ಮಾಡುವ ಖಾಸಗಿಯವರೂ ಇದ್ದಾರೆ. ರೇಟಿನಲ್ಲಿ ಅಜಗಜಾಂತರ ಇರುತ್ತದೆ, ಹಾಗಾಗಿ ಎರಡು ಮೂರು ಕಡೆ ಕೇಳಿ. ಹೊರಗಿನವರ ಹತ್ತಿರ ಹೋಗುವುದಾದರೆ ನಿಮ್ಮ ಹಳೆ ಕಾಯಿಲೆ, ಔಷಧಿಗಳ ಪಟ್ಟಿಯನ್ನು ಜಿಪಿ ಕಡೆಯಿಂದ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಫೋಟೋ ಇರುವ ಗುರುತಿನ ಚೀಟಿ, ಕನ್ನಡಕ, ಅದರ ಚೀಟಿ ಮರೆಯಬೇಡಿ.

ಕಣ್ಣಿನ ಭಾಗ ಬೇರೆ ಇದೆ. ಅದನ್ನು ಮಾಡಲಾಗುವುದಿಲ್ಲ ಅಂತ ಡಾಕ್ಟರು ಹೇಳಿದರೆ ಕನ್ನಡಕದ ಅಂಗಡಿಯ ಆಪ್ಟೀಷಿಯನ್ ತುಂಬಿಕೊಡಬಹುದು. ಇಲ್ಲಿ ಒಂದು ವಿಷಯ ಗಮನಿಸಿ. ಕಾರಿಗಾದರೆ 20 ಮೀಟರ್ ದೂರದ ನಂಬರ್ ಪ್ಲೇಟ್ ಓದಬೇಕು, ದೃಷ್ಟಿ 6/12 ಇರಬೇಕು. ಸಿ1ಗೆ ಲಾರಿ ಡ್ರೈವರ್‌ಗಳ ಅಳತೆಗೋಲು: ಒಳ್ಳೆಯ ಕಣ್ಣಿನಲ್ಲಿ ಕನಿಷ್ಠ 6/7.5, ಇನ್ನೊಂದರಲ್ಲಿ 6/60. ಕನ್ನಡಕ ಹಾಕಿಕೊಂಡು ಓದಬಹುದು, ಆದರೆ ಪವರ್ +8 ದಾಟಬಾರದು. ಪೊರೆ ಶುರುವಾಗಿದ್ದರೆ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ, ಆಮೇಲೆ ಡಾಕ್ಟರಿಗೆ ದುಡ್ಡು ಕೊಡಿ. ಉಲ್ಟಾ ಮಾಡಿದರೆ ದುಡ್ಡು ದಂಡ ಅಲ್ವಾ?

ಬಿಪಿಯಲ್ಲೂ ಹಾಗೇ. ಯಾವಾಗ ನೋಡಿದರೂ ಮೇಲಿನದು 180 ಅಥವಾ ಕೆಳಗಿನದು 100 ಮುಟ್ಟುತ್ತಿದ್ದರೆ ಸಿ1 ಗಾಡಿ ಓಡಿಸುವ ಹಾಗಿಲ್ಲ. ಡಾಕ್ಟರನ್ನು ಕಂಡ ಕೂಡಲೇ ಬಿಪಿ ಏರುವ ಜಾತಿ ನಿಮ್ಮದಾದರೆ ಮನೆಯಲ್ಲಿ ಅಳೆದ ಅಂಕಿಗಳನ್ನು ಬರೆದುಕೊಂಡು ಹೋಗಿ. ಇನ್ಸುಲಿನ್, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಹೃದಯದ್ದು ಏನೇ ಇದ್ದರೂ ಮುಚ್ಚಿಡಬೇಡಿ. ಪಾಸು ಫೇಲು ಮಾಡುವುದು ಡಾಕ್ಟರಲ್ಲ, ಅವರು ಇದ್ದದ್ದನ್ನು ಬರೆಯುತ್ತಾರೆ, ತೀರ್ಮಾನ ಡಿವಿಎಲ್‌ಎಯದ್ದು.

ಅಂಚೆಗೆ ಹಾಕುವುದು, ಕಾಯುವುದು

ಡಾಕ್ಟರ ಸಹಿ ಬಿದ್ದು ನಾಲ್ಕು ತಿಂಗಳು ದಾಟಿದರೆ ಡಿ4 ನಡೆಯುವುದಿಲ್ಲ. ಆದ್ದರಿಂದ ತುಂಬಾ ಮುಂಚೆಯೂ ಮಾಡಿಸಬೇಡಿ, ಹುಟ್ಟುಹಬ್ಬದ ವಾರಕ್ಕೂ ಬಿಡಬೇಡಿ. ಕಳಿಸುವ ಮುಂಚೆ ಎಲ್ಲ ಹಾಳೆಗಳನ್ನೂ ಹಳೆ ಕಾರ್ಡಿನ ಎರಡೂ ಬದಿಯನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಉತ್ತರ ಖಾಲಿ ಬಿಟ್ಟರೂ ಫಾರಂ ವಾಪಸ್ ಬರಬಹುದು, ಡಾಕ್ಟರ ಮುಂದೆಯೇ ಪ್ರತಿ ಪುಟ ತಿರುವಿ ನೋಡಿ. ಅವರಿಗೆ ಬೇಸರವಾದರೆ ಆಗಲಿ.

ಹೊಸ ಕಾರ್ಡ್ ಬರುವುದರೊಳಗೆ ಹಳೆಯದು ಮುಗಿದರೆ? 1988ರ ರಸ್ತೆ ಸಂಚಾರ ಕಾಯ್ದೆಯ 88ನೇ ಸೆಕ್ಷನ್ ಪ್ರಕಾರ, ಸರಿಯಾದ ಅರ್ಜಿ ಡಿವಿಎಲ್‌ಎಗೆ ತಲುಪಿದ್ದು, ಓಡಿಸಬಹುದು ಅಂತ ನಿಮ್ಮ ಡಾಕ್ಟರು ಹೇಳಿದ್ದು, ನಿಮ್ಮ ಮೇಲೆ ನಿಷೇಧ ಏನೂ ಇಲ್ಲದಿದ್ದರೆ, ಸಾಮಾನ್ಯವಾಗಿ ಓಡಿಸುತ್ತಾ ಇರಬಹುದು. ಆದರೆ ಈ ರಕ್ಷಣೆ ಇಂಗ್ಲಿಷ್ ಕಾಲುವೆ ದಾಟುವುದಿಲ್ಲ. ಚಳಿಗಾಲಕ್ಕೆ ಸ್ಪೇನ್ ಕಡೆ ಹೊರಡುವವರು ಕಾರ್ಡ್ ಕೈಗೆ ಬರದೆ ಫೆರ್ರಿ ಟಿಕೆಟ್ ತೆಗೆಯಬೇಡಿ.

ಕಾರ್ಡ್ ಬಂದ ಕೂಡಲೇ ಪರ್ಸಿಗೆ ಸೇರಿಸಿಬಿಡಬೇಡಿ. ಹಿಂದೆ ತಿರುಗಿಸಿ, ಸಿ1 ಸಾಲಿನ ಎದುರು ಕೊನೆಯ ದಿನಾಂಕ ಇದೆಯಾ ನೋಡಿ. ಇಲ್ಲದಿದ್ದರೆ ಗಾಡಿ ತೆಗೆಯದೆ ಅವತ್ತೇ ಡಿವಿಎಲ್‌ಎಗೆ ಫೋನ್ ಮಾಡಿ. ಇದ್ದರೆ ಆ ದಿನಾಂಕಕ್ಕೆ ನಾಲ್ಕು ತಿಂಗಳು ಹಿಂದಕ್ಕೆ ಎಣಿಸಿ ಫೋನಿನಲ್ಲಿ ಒಂದು ರಿಮೈಂಡರ್ ಇಟ್ಟುಬಿಡಿ, ಮುಂದಿನ ಸಲವೂ ಇದೇ ಡಿ4, ಇದೇ ಡಾಕ್ಟರು.