ವಿದೇಶಿ ನೆರವಿನ ನೀರು ದಲಿತ ಕೇರಿಗೆ ಮುಟ್ಟಬೇಕಾದರೆ

ನೆರವಿನ ಯೋಜನೆಗಳ ವರದಿಯಲ್ಲಿ ‘ಊರಿಗೆ ನೀರು ಬಂತು’ ಎಂದಿರುತ್ತದೆ. ಊರಿನ ಯಾವ ಭಾಗಕ್ಕೆ ಎಂದು ಯಾರೂ ಕೇಳಿರುವುದಿಲ್ಲ. ಹಣ ಕೊಡುವವರು ಪ್ರಸ್ತಾವನೆ ಹಂತದಲ್ಲೇ ಕೇರಿವಾರು ಮನೆ, ನಲ್ಲಿ, ಬಾವಿಗಳ ಪಟ್ಟಿ ಕೇಳಬೇಕು. ‘ಪರಿಶಿಷ್ಟ ಜಾತಿ’ ಎಂಬ ಒಂದೇ ಕಾಲಂ ಸಾಲದು. ಕರ್ನಾಟಕದ ಪಟ್ಟಿಯಲ್ಲೇ 101 ಜಾತಿಗಳಿವೆ; ಸೌಲಭ್ಯ ಅವರಲ್ಲೂ ಮುಂದಿರುವವರ ಬಾಗಿಲಲ್ಲೇ ನಿಂತುಬಿಡುವುದುಂಟು.

ಒಪ್ಪಂದ ಬರೆಯುವಾಗ ಎಚ್ಚರ. ಜಾತಿಯ ವಿಷಯ ಅಂತಾರಾಷ್ಟ್ರೀಯ ವೇದಿಕೆಗೆ ಬರುವುದು ದೆಹಲಿಗೆ ಇಷ್ಟವಿಲ್ಲ ಎಂಬುದು ಜನಾಂಗೀಯ ತಾರತಮ್ಯದ ವಿರುದ್ಧ 2001ರಲ್ಲಿ ವಿಶ್ವಸಂಸ್ಥೆ ನಡೆಸಿದ ಡರ್ಬನ್ ಸಮ್ಮೇಳನದಲ್ಲೇ ಗೊತ್ತಾಗಿತ್ತು. ಜನಾಂಗೀಯ ತಾರತಮ್ಯದ ಮೇಲಿನ ವಿಶ್ವಸಂಸ್ಥೆಯ ಸಮಿತಿ 2002ರಲ್ಲಿ ಕೊಟ್ಟ ಶಿಫಾರಸು, ಯುರೋಪಿಯನ್ ಸಂಸತ್ತಿನ 2013ರ ನಿರ್ಣಯ ಎರಡೂ ಜಾತಿ ತಾರತಮ್ಯದ ವಿರುದ್ಧವೇ ಇವೆ, ಉಪಯುಕ್ತವೇ. ಆದರೆ ನೆರವು ಕೊಡುವ ದೇಶದ ರಾಯಭಾರ ಕಚೇರಿ ಅವನ್ನೇ ಮುಂದಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ನಮ್ಮ ಸಂವಿಧಾನದ 15(2) ಮತ್ತು ಅಸ್ಪೃಶ್ಯತೆ ನಿಷೇಧಿಸುವ 17ನೇ ವಿಧಿಗಳನ್ನು ನಮೂದಿಸಿ. ಬಾವಿ, ಕೆರೆಗಳ ಬಳಕೆ 15(2)ರಲ್ಲಿ ಹೆಸರು ಹಿಡಿದೇ ಇದೆ; ಬೇಡವೆನ್ನಲು ಯಾವ ಅಧಿಕಾರಿಗೂ ಬಾಯಿ ಬರುವುದಿಲ್ಲ.

ಸ್ವಯಂಸೇವಾ ಸಂಸ್ಥೆಗಳ ಮೂಲಕ ಬರುವ ಹಣಕ್ಕೆ ಇನ್ನೊಂದು ತೊಡಕಿದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಒಂದು ಸಂಸ್ಥೆ ಆ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆ ಪಡೆದು ಚಿಕ್ಕ ದಲಿತ ಸಂಘಕ್ಕೆ ಹಂಚುವ ಹಳೆಯ ದಾರಿ ಮುಚ್ಚಿದೆ. ಸಂಘಕ್ಕೆ ಆ ಕಾಯ್ದೆಯಡಿ ಸ್ವಂತ ನೋಂದಣಿ ಇಲ್ಲದಿದ್ದರೆ, ಕೇರಿಯವರನ್ನೇ ಯೋಜನೆಯ ಸಿಬ್ಬಂದಿಯಾಗಿ ನೇಮಿಸುವ ಷರತ್ತು ಹಾಕಿ.

ಊರಿನ ನೀರು ಸಮಿತಿಗೆ ದಲಿತ ಮಹಿಳೆಯ ಹೆಸರು ಸೇರಿಸಿದರೆ ಕೆಲಸ ಆದಂತಲ್ಲ. ಸಭೆ ಗೌಡರ ಜಗಲಿಯಲ್ಲೋ ಗುಡಿಯ ಮಂಟಪದಲ್ಲೋ ನಡೆದರೆ ಆಕೆ ಅಂಗಳದಲ್ಲೇ ನಿಲ್ಲುತ್ತಾಳೆ, ರುಜು ಮಾತ್ರ ಪುಸ್ತಕದಲ್ಲಿರುತ್ತದೆ. ಶಾಲೆಯಲ್ಲೋ ಪಂಚಾಯಿತಿ ಕಚೇರಿಯಲ್ಲೋ ಸಭೆ ಕರೆಯಿರಿ. ಚೆಕ್‌ಗೆ ಆಕೆಯ ಸಹಿಯೂ ಕಡ್ಡಾಯವಾಗಿರಲಿ.

ನಲ್ಲಿ ಹಾಕಿಸಿದ ಮಾತ್ರಕ್ಕೆ ನೀರು ಬರುವುದಿಲ್ಲ. ಕೇರಿ ಸಾಮಾನ್ಯವಾಗಿ ಪೈಪಿನ ಕೊನೆಯಲ್ಲಿರುತ್ತದೆ, ವಾಲ್ವ್ ತಿರುಗಿಸುವುದು ನೀರುಗಂಟಿ. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಮೊದಲ ನಲ್ಲಿಯಲ್ಲೂ ಕೊನೆಯ ನಲ್ಲಿಯಲ್ಲೂ 15 ಲೀಟರ್ ಕೊಡ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. ತಿಂಗಳಿಗೊಮ್ಮೆ, ಮುಂಚಿತವಾಗಿ ಹೇಳದೆ ಹೋಗಿ. ಹೇಳಿ ಹೋದ ದಿನ ಎಲ್ಲ ನಲ್ಲಿಯೂ ಧಾರಾಳ. ಜಲಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್ ಸಿಗಬೇಕು. ಸಿಗದಿದ್ದರೆ ಮೊದಲು ನೀರು ಬಿಡುವ ಪಾಳಿ ನೋಡಿ, ಆಮೇಲೆ ಪೈಪಿನ ಅಳತೆ.

ತಾರತಮ್ಯ ಕಂಡಿತೆಂದು ಇಡೀ ಊರಿನ ನೆರವು ನಿಲ್ಲಿಸಬೇಡಿ. ‘ನಿಮ್ಮಿಂದಲೇ ಹಣ ಹೋಯ್ತು’ ಎಂದು ಸಿಟ್ಟು ಕೇರಿಯ ಮೇಲೆ ತಿರುಗುತ್ತದೆ, ಕೂಲಿ ಕೆಲಸವೂ ತಪ್ಪುತ್ತದೆ. ಗುತ್ತಿಗೆದಾರನ ಕೊನೆಯ ಕಂತನ್ನಷ್ಟೇ ತಡೆಹಿಡಿಯಿರಿ. ಕೊನೆಯ ನಲ್ಲಿಯ ಅಳತೆ ಸರಿಬಂದ ಮೇಲೆ ಬಿಡುಗಡೆ ಎಂದು ಒಪ್ಪಂದದಲ್ಲೇ ಬರೆದಿರಬೇಕು.