ಬಕೆಟಿನ ಚಟ್ಲಿ ಸಾಯದಂತೆ ನೋಡಿಕೊಳ್ಳಿ

ನವರಾತ್ರಿ ಕಳೆದು ದೀಪಾವಳಿ ಹತ್ತಿರ ಬರುವಾಗ ನಮ್ಮ ಕುಂದಾಪುರದ ಪಂಚಗಂಗಾವಳಿಯ ನೀರು ಮತ್ತೆ ಉಪ್ಪಾಗುತ್ತದೆ. ಮಳೆಗಾಲದ ಕೆಂಪು ಇಳಿದು ಹೊಳೆ ತಿಳಿಯಾದ ಮೇಲೆ ಕಾಣೆ, ಕೆಂಬೇರಿ ಮೀನುಗಳಿಗೆ ಗಾಳ ಹಾಕುವ ಕಾಲ. ಮೊಮ್ಮಕ್ಕಳು ಹೋಗಿ ಬರಿಗೈಯಲ್ಲಿ ಬಂದು "ಮೀನೇ ಇಲ್ಲ ಅಜ್ಜ" ಎನ್ನುತ್ತಾರೆ. ಬಕೆಟ್ ಬಗ್ಗಿ ನೋಡಿದರೆ ಎರೆಗೆಂದು ಒಯ್ದ ಚಟ್ಲಿ, ಅಂದರೆ ಸೀಗಡಿ, ಬೆಳ್ಳಗಾಗಿ ಸತ್ತಿರುತ್ತವೆ.

ಬಕೆಟಿಗೆ ಸೋಪು ಮುಟ್ಟಿಸಲೇಬೇಡಿ, ಬರೀ ನೀರಲ್ಲಿ ತಿಕ್ಕಿದರೆ ಸಾಕು. ಚಟ್ಲಿ ಹಿಡಿದ ಜಾಗದ ನೀರನ್ನೇ ತುಂಬಿಸಿ. ಒಮ್ಮೆ ನೀರು ಕಡಿಮೆಯಾಯಿತೆಂದು ನಾನು ಬಾವಿಯ ನೀರು ಬೆರೆಸಿದ್ದೆ. ಬೆಳಗಿನ ಜಾವ ಎದ್ದು ಹಿಡಿದದ್ದೆಲ್ಲ ಹೊಳೆ ದಾಟುವ ಮೊದಲೇ ಮಗುಚಿಕೊಂಡಿತು, ಆ ಸಂಕಟ ಇವತ್ತಿಗೂ ಮರೆತಿಲ್ಲ. ಒಂದು ಬಕೆಟಿಗೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಬೇಡ. ಸತ್ತದ್ದನ್ನು ಕೂಡಲೇ ತೆಗೆಯಿರಿ, ಇಲ್ಲದಿದ್ದರೆ ನೀರು ಕೆಡುತ್ತದೆ. ಮೇಲೆ ಒದ್ದೆ ಗೋಣಿ ಮುಚ್ಚಿದರೆ ತಂಪೂ ಇರುತ್ತದೆ, ಹಾರಿಯೂ ಹೋಗುವುದಿಲ್ಲ. ಬ್ಯಾಟರಿಯ ಗಾಳಿ ಪಂಪು ಇದ್ದರೆ ಇನ್ನೂ ಒಳ್ಳೆಯದು.

ಚುಚ್ಚುವ ಮೊದಲು ಚಟ್ಲಿಯನ್ನು ಬೆಳಕಿಗೆ ಹಿಡಿಯಿರಿ. ಮೈ ಗಾಜಿನ ಹಾಗಿರುತ್ತದೆ, ತಲೆಯೊಳಗೆ ಕಪ್ಪು ಚುಕ್ಕಿ ಕಾಣುತ್ತದೆ. ಅದಕ್ಕೆ ತಾಗಿತೋ, ಚಟ್ಲಿ ಹೋಯಿತು. ಚುಕ್ಕಿಯ ಮುಂದೆ, ತಲೆಯ ಚೂಪು ಕೊಂಬಿನ ಬುಡದಲ್ಲಿ ಸಣ್ಣ ಗಾಳವನ್ನು ಅಡ್ಡಕ್ಕೆ ದಾಟಿಸಿ. ಕಾಣೆಯ ಬಾಯಿ ಚಿಕ್ಕದು, ಅದಕ್ಕೆ ಸಣ್ಣ ಚಟ್ಲಿಯೇ ಬೇಕು. ದಾರಕ್ಕೆ ಕಟ್ಟುವ ಸೀಸವೂ ಹಗುರವಿರಲಿ, ಭಾರವಾದರೆ ಚಟ್ಲಿ ಈಜುವುದಿಲ್ಲ.

ಭರತ, ಅಂದರೆ ಕಡಲಿನ ಉಬ್ಬರ, ಏರಲು ಶುರುವಾದಾಗ ಹೋಗಿ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಿನ್ನೆಯ ಹೊತ್ತನ್ನೇ ನಂಬಿ ಕೂರಬೇಡಿ. ಕಾಣೆಗೆ ಮರಳಿನ ತಳ, ಕೆಂಬೇರಿಗೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡದ ಬೇರಿನ ಅಂಚು. ಕೆಂಬೇರಿ ಕಚ್ಚಿದ ಕೂಡಲೇ ಎಳೆಯಿರಿ, ಬೇರಿನೊಳಗೆ ನುಗ್ಗಿದರೆ ದಾರ ಹರಿಯಿತೆಂದೇ ಲೆಕ್ಕ. ಅಂಗೈಗಿಂತ ಚಿಕ್ಕದು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೆ ಬಿಡಿ, ಅದು ಬೆಳೆಯಬೇಕು.

ಮೀಸೆಯ ತೇಡೆ ಮೀನು ಸಿಕ್ಕಿದರೆ ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಬೆನ್ನಿನ ಮುಳ್ಳಲ್ಲೂ ಎರಡು ಬದಿಯ ಮುಳ್ಳಲ್ಲೂ ನಂಜಿದೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಅರ್ಧ ಗಂಟೆಗೂ ಮೀರಿ ಕೈ ಇಟ್ಟರೆ ಉರಿ ಇಳಿಯುತ್ತದೆ. ನೀರು ಸುಡುತ್ತದೆಯೋ ಎಂದು ಚುಚ್ಚದ ಕೈಯಿಂದ ಮೊದಲು ನೋಡಿ. ಮುಳ್ಳು ಒಳಗೆ ಮುರಿದಿದ್ದರೆ, ಬಾವು ಏರುತ್ತಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಮಗನಿಗೊಮ್ಮೆ ಚುಚ್ಚಿದಾಗಿನಿಂದ ನನ್ನ ಗಾಳದ ಚೀಲದಲ್ಲಿ ಬಿಸಿನೀರಿನ ಫ್ಲಾಸ್ಕ್ ಇದ್ದೇ ಇರುತ್ತದೆ.