ಒಂದೇ ಕಾರಿಗೆ ಮೊದಲು ನೈಟ್ರಸ್, ಆಮೇಲೆ ಸೂಪರ್‌ಚಾರ್ಜರ್: ನನ್ನ ಅನುಭವ

ನನ್ನ ಬಳಿ ಇರುವುದು 2016ರ ಫೋರ್ಡ್ ಮಸ್ಟ್ಯಾಂಗ್ ಜಿಟಿ. ಐದು ಲೀಟರಿನ ವಿ8 ಎಂಜಿನ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಕಂಪನಿಯ ಲೆಕ್ಕದಲ್ಲಿ 435 ಅಶ್ವಶಕ್ತಿ. ಕ್ಯಾಲಿಫೋರ್ನಿಯಾದ ಸೊನೋಮಾ ರೇಸ್‌ವೇಯಲ್ಲಿ ಬುಧವಾರ ಸಂಜೆ ನಡೆಯುವ ಡ್ರ್ಯಾಗ್ ಓಟಗಳಲ್ಲಿ ನಮ್ಮಂತಹ ಸಾಮಾನ್ಯರೂ ಸ್ವಂತ ಕಾರನ್ನು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್, ಓಡಿಸಬಹುದು. ಅಲ್ಲಿ ಈ ಕಾರನ್ನು ಎರಡು ವರ್ಷ ನೈಟ್ರಸ್ (ಎಂಜಿನ್ನಿಗೆ ಬಿಡುವ ನೈಟ್ರಸ್ ಆಕ್ಸೈಡ್ ಅನಿಲ) ಜೊತೆ, ಆಮೇಲೆ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಜೊತೆ ಓಡಿಸಿದ್ದೇನೆ. ಎರಡೂ ಕಾಲದಲ್ಲಿ ಹಿಂದಿನ ಚಕ್ರಗಳಿಗೆ ಒಂದೇ ಅಳತೆಯ ಡ್ರ್ಯಾಗ್ ರೇಡಿಯಲ್ ಟೈರುಗಳಿದ್ದುದರಿಂದ ಹೋಲಿಕೆಗೆ ಒಂದು ಆಧಾರವಿದೆ. ಏನನ್ನೂ ಜೋಡಿಸದೆ ಕಾರು ಕಾಲು ಮೈಲಿಗೆ ತೆಗೆದುಕೊಂಡ ಸಮಯ 12.7 ಸೆಕೆಂಡು, ಕೊನೆಯ ವೇಗ ಗಂಟೆಗೆ 111 ಮೈಲಿ.

ನೈಟ್ರಸ್ ಆಕ್ಸೈಡಿನ ತೂಕದಲ್ಲಿ ಶೇ. 36ರಷ್ಟು ಆಮ್ಲಜನಕವಿದೆ, ಗಾಳಿಯಲ್ಲಿ ಅದು ಶೇ. 23 ಮಾತ್ರ. ಸಿಲಿಂಡರಿನೊಳಗಿನ ಶಾಖಕ್ಕೆ ಅನಿಲ ಒಡೆದು ಆಮ್ಲಜನಕ ಬಿಡುಗಡೆಯಾಗುತ್ತದೆ, ಆ ಹೆಚ್ಚುವರಿ ಆಮ್ಲಜನಕಕ್ಕೆ ತಕ್ಕಷ್ಟು ಹೆಚ್ಚು ಪೆಟ್ರೋಲನ್ನು ಉರಿಸಬಹುದು. ನಾನು ಜೋಡಿಸಿದ್ದು ಅನಿಲದ ಜೊತೆಗೇ ಪೆಟ್ರೋಲನ್ನೂ ಸಿಂಪಡಿಸುವ, ಇಲ್ಲಿನವರು ‘ವೆಟ್ ಕಿಟ್’ ಎನ್ನುವ 100 ಅಶ್ವಶಕ್ತಿಯ ಕಿಟ್. ಸ್ಪಾರ್ಕ್ ಪ್ಲಗ್‌ಗಳನ್ನು ಒಂದು ಹಂತ ತಂಪಾದವುಗಳಿಗೆ ಬದಲಿಸಿ, ಕಿಡಿ ಹತ್ತುವ ಸಮಯವನ್ನು ನಾಲ್ಕು ಡಿಗ್ರಿ ತಡಮಾಡಿದೆ. ಬಾಟಲಿಯ ಹೀಟರ್ ಸೇರಿ ಒಟ್ಟು 1,200 ಡಾಲರ್ ಖರ್ಚಾಯಿತು; ಕೆಲಸ ಒಂದು ವಾರಾಂತ್ಯದಲ್ಲಿ ಮುಗಿಯಿತು.

ನೈಟ್ರಸ್ಸಿನ ನಿಜವಾದ ಸ್ವಭಾವ ನನಗೆ ಅರ್ಥವಾದದ್ದು ಕಾಗದದ ಮೇಲೆ ಟಾರ್ಕ್ (ತಿರುಗಿಸುವ ಬಲ) ಲೆಕ್ಕ ಹಾಕಿದ ಮೇಲೆ. ಅನಿಲ ಹೊರಬರುವ ಜೆಟ್‌ನ ರಂಧ್ರ ಒಂದೇ ಅಳತೆಯದಾದ್ದರಿಂದ ಎಂಜಿನ್ ಯಾವ ವೇಗದಲ್ಲಿ ತಿರುಗುತ್ತಿದ್ದರೂ ಕೂಡುವ ಶಕ್ತಿ ಹೆಚ್ಚುಕಡಿಮೆ ಅದೇ 100 ಅಶ್ವಶಕ್ತಿ. ಅದೇ ಶಕ್ತಿ 7,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತು) 75 ಪೌಂಡ್-ಅಡಿ ಟಾರ್ಕ್ ಆದರೆ, 3,500ರಲ್ಲಿ 150 ಪೌಂಡ್-ಅಡಿ ಆಗುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಪ್ರತಿ ಸಿಲಿಂಡರಿನ ಪಾಲಿಗೆ ಬರುವ ಅನಿಲ ಹೆಚ್ಚು, ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಹೊರೆಯೂ ಹೆಚ್ಚು. ಮೊದಲ ತಿಂಗಳು ನಾನು ನೈಟ್ರಸ್ ಬಿಡುವ ಸ್ವಿಚ್ಚನ್ನು 3,500 ಆರ್‌ಪಿಎಂಗೇ ಇಟ್ಟಿದ್ದೆ. ಹಸಿರು ದೀಪ ಬಿದ್ದು ಕಾರು ಹೊರಡುತ್ತಿದ್ದಂತೆ ಟೈರುಗಳು ಹಿಡಿತ ಕಳೆದುಕೊಳ್ಳುತ್ತಿದ್ದವು. ಅದನ್ನು 4,500ಕ್ಕೆ ಏರಿಸಿದ ಮೇಲೆ ಮೊದಲ 60 ಅಡಿಯ ಸಮಯ 1.84 ಸೆಕೆಂಡಿಗೆ ಬಂದು ನಿಂತಿತು, ಒಟ್ಟು ಓಟ 11.9 ಸೆಕೆಂಡಿನಲ್ಲಿ 118 ಮೈಲಿ ವೇಗಕ್ಕೆ ತಲುಪಿತು.

ಬಾಟಲಿಯ ಒತ್ತಡ ಮಾತ್ರ ಪ್ರತಿ ಸಂಜೆಯೂ ಕಾಡುತ್ತಿತ್ತು. ನನ್ನ ಜೆಟ್‌ಗಳು 950 ಪಿಎಸ್‌ಐಗೆ (ಚದರ ಇಂಚಿಗೆ ಪೌಂಡ್) ಹೊಂದಿಸಿದವು. ಅಷ್ಟು ಒತ್ತಡ ಬರಬೇಕಾದರೆ ಬಾಟಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರಬೇಕು. ಸೊನೋಮಾದಲ್ಲಿ ಹೊತ್ತು ಇಳಿದ ಮೇಲೆ ಕೊಲ್ಲಿಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತದೆ. ಹೀಟರಿನ ಫ್ಯೂಸ್ ಹೋಗಿದ್ದ ಒಂದು ಸಂಜೆ ಅದನ್ನು ಗಮನಿಸದೆ ಸಾಲಿನಲ್ಲಿ ಮುಂದೆ ಸಾಗಿದೆ, ಮುಳ್ಳು 690ರಲ್ಲಿತ್ತು. ಅನಿಲ ಕಡಿಮೆ ಬಂತು, ಪೆಟ್ರೋಲ್ ಮಾತ್ರ ಲೆಕ್ಕದಷ್ಟೇ ಬಂತು. ಕಾರು ಕಪ್ಪು ಹೊಗೆ ಕಾರಿ, ಉಸಿರು ಕಟ್ಟಿದಂತೆ ತಡವರಿಸಿತು. ಇದಕ್ಕೆ ವಿರುದ್ಧವಾದ ತಪ್ಪು, ಅಂದರೆ ಪೆಟ್ರೋಲ್ ಸಾಲದಿರುವುದು, ಎಂಜಿನ್ನನ್ನೇ ಬಲಿ ತೆಗೆದುಕೊಳ್ಳುತ್ತದೆ. ಹಾಗಾಗಿ ಪ್ರತಿ ಸಂಜೆಯ ಕೊನೆಗೆ ಒಂದೆರಡು ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡುವ ರೂಢಿ ಮಾಡಿಕೊಂಡೆ. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಸಿಲಿಂಡರಿನೊಳಗೆ ಡೆಟೊನೇಷನ್ (ಇಂಧನ ತಾನಾಗಿ ಸ್ಫೋಟಿಸುವುದು) ಆಗಿದೆ ಎಂದೇ ಅರ್ಥ. ಅಂಥ ಚುಕ್ಕೆಗಳನ್ನು ನಾನು ಒಮ್ಮೆ ಕಂಡಿದ್ದೇನೆ, ಅಂದೇ ಜೆಟ್ ಬದಲಿಸಿದೆ.

ಹತ್ತು ಪೌಂಡಿನ ಬಾಟಲಿಯಲ್ಲಿ ಒಂದು ಓಟಕ್ಕೆ ಸುಮಾರು ಒಂದು ಪೌಂಡ್ ಖರ್ಚಾಗುತ್ತದೆ. ಐದಾರು ಓಟಗಳ ನಂತರ ಒತ್ತಡ ಓಟದ ನಡುವೆಯೇ ಕುಸಿಯತೊಡಗುತ್ತಿತ್ತು.

ಮೂರನೆಯ ವರ್ಷ ಎಂಜಿನ್ನಿನ ಬೆಲ್ಟಿನಿಂದ ತಿರುಗುವ, ವೇಗವಾಗಿ ಸುತ್ತುವ ಚಕ್ರದಿಂದ ಗಾಳಿಯನ್ನು ತಳ್ಳುವ ಸೆಂಟ್ರಿಫ್ಯೂಗಲ್ ಮಾದರಿಯ ಸೂಪರ್‌ಚಾರ್ಜರ್ ಹಾಕಿಸಿದೆ. ಕ್ಯಾಲಿಫೋರ್ನಿಯಾದ ಹೊಗೆ ತಪಾಸಣೆಯಲ್ಲಿ ವಾಯುಮಾಲಿನ್ಯ ಮಂಡಳಿಯ ಅನುಮತಿ ಸಂಖ್ಯೆಯನ್ನು ಕೇಳುತ್ತಾರೆ, ಆದ್ದರಿಂದ ಆ ಸಂಖ್ಯೆ ಇದ್ದ ಕಿಟ್ಟನ್ನೇ ಆರಿಸಿದೆ. ಕಿಟ್ಟಿಗೇ 7,500 ಡಾಲರ್. ಅದೇ ಸಮಯಕ್ಕೆ ಎಂಜಿನ್ನಿನ ಮುಂಭಾಗ ಬಿಚ್ಚಿಸಿ ಆಯಿಲ್ ಪಂಪ್‌ನ ಗೇರುಗಳನ್ನು ಗಟ್ಟಿ ಉಕ್ಕಿನವುಗಳಿಗೆ ಬದಲಿಸಿದೆ. ಮೂಲ ಗೇರುಗಳು ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದವು, ಇಷ್ಟು ಶಕ್ತಿಯ ಜೊತೆ ಹಿಂದಿನ ಚಕ್ರಗಳು ಕುಪ್ಪಳಿಸಿದರೆ ಅವು ಸೀಳುವ ಅಪಾಯವಿದೆ.

ಈ ಮಾದರಿಯಲ್ಲಿ ಬೂಸ್ಟ್, ಅಂದರೆ ಒಳಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ, ಸುಮಾರಾಗಿ ಆರ್‌ಪಿಎಂನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 7,000ದಲ್ಲಿ 8 ಪಿಎಸ್‌ಐ ಕೊಡುವ ಯಂತ್ರ 3,500ರಲ್ಲಿ ಕೊಡುವುದು ಎರಡೇ ಪಿಎಸ್‌ಐ. ನೈಟ್ರಸ್ ಎಲ್ಲಿ ಅತಿ ಹೆಚ್ಚು ಟಾರ್ಕ್ ಸುರಿಯುತ್ತದೆಯೋ ಅಲ್ಲಿ ಇದು ಮೃದುವಾಗಿರುತ್ತದೆ. ಟೈರು ಹಿಡಿದು ನಿಲ್ಲುತ್ತದೆ, ಎಂಜಿನ್ನೂ ಸುರಕ್ಷಿತ. ಆದರೆ ಬೆಲೆ ತೆರಬೇಕಾದದ್ದೂ ಅಲ್ಲೇ. ಹೊಸ ಓಟ 11.5 ಸೆಕೆಂಡು, 124 ಮೈಲಿ. ಓಟದ ಸಮಯ ನಮೂದಿಸಿದ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ 330 ಅಡಿಯಲ್ಲಿ ನೈಟ್ರಸ್ಸಿನ ಸಮಯ 5.06, ಸೂಪರ್‌ಚಾರ್ಜರಿನದು 5.01. ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಕೂಡಿಸಿದ್ದರೂ ಮೊದಲ ಕಾಲು ದಾರಿಯಲ್ಲಿ ಅದರ ಫಲ ಹೆಚ್ಚು ಕಾಣುವುದೇ ಇಲ್ಲ. ಅಂತರ ತೆರೆದುಕೊಳ್ಳುವುದು ಅದಾದ ಮೇಲೆ.

ಆರಂಭದಲ್ಲಿ 124 ಮೈಲಿಯೂ ಬರಲಿಲ್ಲ. ದಾಖಲಾದ ಅಂಕಿಗಳಲ್ಲಿ 6,200 ಆರ್‌ಪಿಎಂ ದಾಟಿದ ಕೂಡಲೇ ಬೂಸ್ಟ್ ಐದೂವರೆಗೆ ಇಳಿಯುತ್ತಿತ್ತು. ಬಾನೆಟ್ ತೆರೆದಾಗ ಪುಲ್ಲಿಯ ಸುತ್ತ ಕಾಡಿಗೆಯಂತಹ ರಬ್ಬರ್ ಪುಡಿ, ಬೆಲ್ಟಿನ ಒಳಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಜೋಡಿಸಿದ ವರ್ಕ್‌ಶಾಪಿನವರು ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರನ್ನು ಸರಿಯಾಗಿ ಬಿಗಿದಿರಲಿಲ್ಲ. ಹೊಸ ಬೆಲ್ಟ್ ಹಾಕಿ, ಅದು ಪುಲ್ಲಿಯನ್ನು ಹೆಚ್ಚು ಸುತ್ತುವಂತೆ ಇನ್ನೊಂದು ಐಡ್ಲರ್ (ಬೆಲ್ಟಿಗೆ ದಾರಿ ಕೊಡುವ ಚಕ್ರ) ಸೇರಿಸಿದ ಮೇಲೆ ತೊಂದರೆ ನಿಂತಿತು. ಉಳಿದದ್ದು ಶಾಖದ ಸಮಸ್ಯೆ. ನೈಟ್ರಸ್ ತಾನೇ ಗಾಳಿಯನ್ನು ತಂಪು ಮಾಡುತ್ತದೆ. ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ಕಾಯಿಸುತ್ತದೆ. ಇಲ್ಲಿನ 91 ಆಕ್ಟೇನ್ ಪೆಟ್ರೋಲಿನಲ್ಲಿ, 11:1 ಕಂಪ್ರೆಷನ್ನಿನ ಎಂಜಿನ್ನಿನಲ್ಲಿ, ಸಾಲಿನಲ್ಲಿ ನಿಂತು ಬಿಸಿಯಾದ ಇಂಟರ್‌ಕೂಲರ್ (ಆ ಗಾಳಿಯನ್ನು ತಂಪು ಮಾಡುವ ಸಾಧನ) ಕೊನೆಯ ವೇಗದಲ್ಲಿ ಎರಡು ಮೈಲಿ ಕಸಿದುಕೊಂಡದ್ದುಂಟು. ಈಗ ಸಾಲಿನಲ್ಲಿ ಎಂಜಿನ್ ಆರಿಸಿ, ಬಾನೆಟ್ ತೆರೆದು, ಕಾರನ್ನು ಕೈಯಿಂದಲೇ ಮುಂದಕ್ಕೆ ತಳ್ಳುತ್ತೇನೆ.

ಇತ್ತೀಚೆಗೆ ಇಂಥದೇ ಕಾರು ಕೊಂಡ ಗೆಳೆಯರೊಬ್ಬರು ಯಾವುದನ್ನು ಹಾಕಿಸಲಿ ಎಂದು ಕೇಳಿದರು. ಅವರು ವರ್ಷಕ್ಕೆ ಮೂರು ಸಂಜೆ ಬರುವವರು, ಉಳಿದ ದಿನ ಅದರಲ್ಲೇ ಕಚೇರಿಗೆ ಹೋಗುವವರು. ಬಾಟಲಿಯ ವಾಲ್ವ್ ಮುಚ್ಚಿದರೆ ಕಾರು ಮೊದಲಿನಂತೆಯೇ ಇರುತ್ತದೆ. ನನ್ನ ಹಳೆಯ ಕಿಟ್ಟನ್ನೇ ಕೊಟ್ಟೆ. 75 ಅಶ್ವಶಕ್ತಿಯ ಜೆಟ್ ಹಾಕಿ, ಸ್ವಿಚ್ಚನ್ನು 4,500 ಆರ್‌ಪಿಎಂಗೆ ಇಟ್ಟು, ಹೀಟರಿಗೆ ಹೊಸ ಫ್ಯೂಸ್ ಹಾಕಿ ಕೊಟ್ಟಿದ್ದೇನೆ.